ಕದಂಬದ ಮರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರಕ್ಕೆ ಹೊಂದಿಕೊಂಡು ಅತ್ತಿಗುಪ್ಪೆ ಎಂಬ ಬಡಾವಣೆಯಿದೆ. ಹೆಸರು ಅತ್ತಿಯ ಮರವನ್ನು ನೆನಪಿಗೆ ತರುತ್ತದೆ. ಕಣ್ಣಿಗೆ ಬೀಳುವುದು ಮಾತ್ರ ಮನೆಗಳ ಸಾಲು ಮತ್ತು 2015ರಿಂದ ಓಡಾಡುತ್ತಿರುವ ಮೆಟ್ರೋ ರೈಲು. ಅಲ್ಲಿಯ ಒಂದು ಮನೆಯಲ್ಲಿ ವೃದ್ಧರೊಬ್ಬರು, ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗನೊಡನೆ ಕುಳಿತು ಟಿ.ವಿ.ಯಲ್ಲಿ ‘ಮಯೂರ’ ಚಿತ್ರವನ್ನು ನೋಡುತ್ತಿದ್ದರು.

ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಈ ಚಿತ್ರ ತೆರೆ ಕಂಡದ್ದು 1975ರಲ್ಲಿ. ನಿರ್ದೇಶಕರು ವಿಜಯ್, ಮಯೂರನಾಗಿ ನಟಿಸಿದವರು ರಾಜ್‌ಕುಮಾರ್. ಕಂಚಿಯ ಪಲ್ಲವರನ್ನು ಎದುರಿಸಿದ ಬ್ರಾಹ್ಮಣ ತರುಣನಿಗೆ ತಾನು ಕದಂಬ ರಾಜವಂಶದ ಕುಡಿಯೆಂಬುದು ತಿಳಿಯುತ್ತದೆ, ಶರ್ಮನಾಗಿದ್ದವನು ವರ್ಮನಾಗುತ್ತಾನೆ.

ಚಿತ್ರ ಬಂದಾಗ ವೃದ್ಧರಿಗೆ ಇಪ್ಪತ್ತು ತುಂಬಿರಲಿಲ್ಲ. ತಂದೆ ತೀರಿಕೊಂಡಿದ್ದರಿಂದ ಶಾಲೆ ಬಿಟ್ಟು ಗಿರಣಿಗೆ ಸೇರಿದ್ದರು. ಅಂದು ಚಿತ್ರಮಂದಿರದಿಂದ ಹಿಂತಿರುಗುವಾಗ, ತಮ್ಮ ಹುಟ್ಟಿನಲ್ಲಿಯೂ ಅಂತಹದೊಂದು ಗುಟ್ಟು ಅಡಗಿರಬಾರದೇ ಎಂದು ಮನಸ್ಸು ಹಂಬಲಿಸಿತು. ತಾಯಿಯನ್ನು ಕೇಳಿಯೂ ಬಿಟ್ಟರು. ಆಕೆ ನಗಲಿಲ್ಲ. ಮುದ್ದೆಯ ತಟ್ಟೆಯನ್ನು ಮುಂದಿಟ್ಟು, “ನಿಮ್ಮಪ್ಪ ಬಿಟ್ಟುಹೋದದ್ದು ಸಾಲ ಕಣೋ, ಸಿಂಹಾಸನವಲ್ಲ” ಎಂದಳು.

“ತಾತ, ಅವನು ರಾಜಕುಮಾರನಲ್ಲದಿದ್ದರೆ ಗೆಲ್ಲುತ್ತಿರಲಿಲ್ಲವೇ?” ಎಂದು ಮೊಮ್ಮಗ ಕೇಳಿದ. ವೃದ್ಧರಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಇಂತಹ ಕಥೆಗಳು ಬೇರೆ ನಾಡುಗಳಲ್ಲಿಯೂ ಉಂಟು. ಆರ್ಥರ್ ದೊರೆಯ ಐತಿಹ್ಯದಲ್ಲಿ, ಅನ್ಯರ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಕಲ್ಲಿನಲ್ಲಿ ನಾಟಿದ ಕತ್ತಿಯನ್ನು ಕಿತ್ತು ರಾಜಪುತ್ರನೆಂದು ಗುರುತಾಗುತ್ತಾನೆ. 1981ರ ‘ಎಕ್ಸ್‌ಕ್ಯಾಲಿಬರ್’ ಚಿತ್ರದ ವಸ್ತುವೂ ಅದೇ. ರಕ್ತವೇ ರಾಜ್ಯದ ಹಕ್ಕುಪತ್ರವೆಂದು ಇವು ನಂಬುತ್ತವೆ. ನೋಡಲು ಹಿತವಾದ ನಂಬಿಕೆಯೇ. ಗಿರಣಿಯ ಹುಡುಗನಿಗೆ ಮಾತ್ರ ಅದರಲ್ಲಿ ಪಾಲಿಲ್ಲ.

ಮೊಮ್ಮಗ ತನ್ನ ಇತಿಹಾಸ ಪುಸ್ತಕವನ್ನು ತಂದ. ಅದರಲ್ಲಿ ತಾಳಗುಂದದ ಸ್ತಂಭಶಾಸನದ ಮಾತಿತ್ತು. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನವದು. ಆ ಕಲ್ಲಿನ ಮಯೂರಶರ್ಮ ಗುಟ್ಟಾಗಿ ಬೆಳೆದ ರಾಜಪುತ್ರನಲ್ಲ. ಮನೆಯ ಬಳಿಯ ಕದಂಬದ ಮರವೊಂದನ್ನು ಪೋಷಿಸಿ, ಅದರಿಂದಲೇ ಹೆಸರು ಪಡೆದ ವೈದಿಕ ಕುಲದವನು. ಗುರು ವೀರಶರ್ಮನೊಡನೆ ಓದಲೆಂದು ಕಂಚಿಯ ಘಟಿಕೆಗೆ ಹೋದ ವಿದ್ಯಾರ್ಥಿ. ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಕಲಹವಾಯಿತು. ದರ್ಭೆ, ಸಮಿತ್ತುಗಳನ್ನು ಹಿಡಿದ ಕೈ ಕತ್ತಿಯನ್ನು ಹಿರಿಯಿತು. ಗಡಿಕಾವಲಿನವರನ್ನು ಗೆದ್ದು, ಶ್ರೀಪರ್ವತದವರೆಗಿನ ಕಾಡನ್ನು ಆಶ್ರಯಿಸಿ, ಬಾಣರಿಂದ ಕಪ್ಪ ಪಡೆದ ಅವನನ್ನು ಕೊನೆಗೆ ಪಲ್ಲವರೇ ಮನ್ನಿಸಬೇಕಾಯಿತು. ಕತ್ತಿ ಹಿರಿದ ಹೊತ್ತಿನಲ್ಲಿ ಅವನಿಗೆ ತನ್ನದೆನ್ನಲು ಇದ್ದದ್ದು ಅವಮಾನವೊಂದೇ.

ವೃದ್ಧರು ಆ ಪುಟವನ್ನು ಎರಡು ಸಲ ಓದಿಸಿದರು. ತೆರೆಯ ಮೇಲೆ ರಾಜ್‌ಕುಮಾರ್ ಇನ್ನೂ ಹೋರಾಡುತ್ತಿದ್ದರು. ಅವರನ್ನು ಬಿಟ್ಟುಕೊಡಲು ವೃದ್ಧರಿಗೆ ಮನಸ್ಸಿರಲಿಲ್ಲ, ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ.

“ಆ ಕಲ್ಲನ್ನು ನೋಡಬೇಕಲ್ಲ,” ಎಂದರು.

“ರೈಲಿದೆ ತಾತ, ತಾಳಗುಪ್ಪಕ್ಕೆ!”

“ಅದು ಸಾಗರದ ಕಡೆಯ ತಾಳಗುಪ್ಪ ಕಣೋ. ನಾವು ಹೋಗಬೇಕಾದದ್ದು ಶಿಕಾರಿಪುರದ ಕಡೆಯ ತಾಳಗುಂದಕ್ಕೆ. ಹೆಸರನ್ನು ಸರಿಯಾಗಿ ಬರೆದುಕೊ.”