ಬಟ್ಟೆಯ ಬಣ್ಣ

ಜನವರಿ 16, 2024, ಮಂಗಳವಾರ

ನಿನ್ನೆ ಸಂಕ್ರಾಂತಿ. ಮೊನ್ನೆಯಷ್ಟೇ ಪುರುಡು ಕಳೆದದ್ದು, ಹಾಗಾಗಿ ಎಳ್ಳು ಬೀರಲು ಹೋಗಲಿಲ್ಲ. ಇವತ್ತು ಮಗಳ ಕೂಸಿಗೆ ನೀರು ಹಾಕುವಾಗ ಕಣ್ಣು ನೋಡಿದೆ. ಬಿಳಿಗುಡ್ಡೆ ಇನ್ನೂ ಹಳದಿ. ಹುಟ್ಟಿದ ಮೂರನೇ ದಿನ ಕಾಣಿಸಿದ ಕಾಮಾಲೆ ಎರಡು ವಾರದೊಳಗೆ ಇಳಿಯುತ್ತದೆ ಎಂದು ಹೆರಿಗೆಯಾದ ಕಡೆ ಹೇಳಿ ಕಳಿಸಿದ್ದರು. ಇವತ್ತಿಗೆ ಹದಿಮೂರನೇ ದಿನ. ಬಾಣಂತಿಯ ಸಾರಿಗೆ ಅರಿಶಿನ ಹಾಕಬೇಡಿ ಎಂದು ಬೀಗಿತ್ತಿ ಫೋನ್ ಮಾಡಿದ್ದರು. ಹಾಕಲಿಲ್ಲ. ಅವರ ಮನಸ್ಸಿಗೂ ಸಮಾಧಾನವಿರಲಿ.

ಹಾಲು ಚೆನ್ನಾಗಿ ಕುಡಿಯುತ್ತಾಳೆ. ಅಳು ಕಡಿಮೆ. ಮಗಳ ಮುಖದಲ್ಲಿ ಕಳೆ ಬಂದಿದೆ.

ಜನವರಿ 20, ಶನಿವಾರ

ಮಗಳನ್ನೂ ಕೂಸನ್ನೂ ಕರೆದುಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಎದೆಹಾಲಿನ ಕಾಮಾಲೆ ಇರಬೇಕು, ಬೆಳಗಿನ ಎಳೆಬಿಸಿಲಿಗೆ ಹಿಡಿಯಿರಿ, ತಾನೇ ಹೋಗುತ್ತದೆ ಎಂದರು. ರಕ್ತ ತೆಗೆಯಲಿಲ್ಲ. ಬಟ್ಟೆ ತೋರಿಸಿ ಎಂದು ಕೇಳಲಿಲ್ಲ. ನಾವೂ ಹೇಳಲಿಲ್ಲ. ನೆಮ್ಮದಿಯಾಗಿ ಮನೆಗೆ ಬಂದೆವು.

ಜನವರಿ 27, ಶನಿವಾರ

ರಾತ್ರಿ ನಿದ್ದೆ ಬರಲಿಲ್ಲ. ಹಿಂದೆ ನಾವಿದ್ದ ಫ್ಯಾಕ್ಟರಿ ಕ್ವಾರ್ಟರ್ಸಿನ ಒಂದು ಮಗು ನೆನಪಿಗೆ ಬಂತು. 1986ರ ಮಳೆಗಾಲ ಇರಬೇಕು. ನಮ್ಮ ಗೋಡೆಯಾಚೆಯ ಮನೆ, ಏಳು ತಿಂಗಳ ಗಂಡುಮಗು. ಇದ್ದಕ್ಕಿದ್ದಂತೆ ಕಾಲು ಮಡಚಿ ಹೊಟ್ಟೆಗೆ ಎಳೆದುಕೊಂಡು ಕಿರುಚುವುದು, ಎರಡು ನಿಮಿಷಕ್ಕೆ ಸುಮ್ಮನಾಗಿ ಬೆವತು ಮಂಕಾಗಿ ಮಲಗುವುದು, ಕಾಲು ಗಂಟೆಗೆ ಮತ್ತೆ ಅದೇ ಕಿರುಚಾಟ. ಗ್ರೈಪ್ ವಾಟರ್ ಕುಡಿಸಿದರು. ಹೊಕ್ಕುಳ ಸುತ್ತ ಇಂಗು ಹಚ್ಚಿದರು. ದೃಷ್ಟಿ ತೆಗೆದವಳು ನಾನೇ. ಮಾರನೆಯ ದಿನ ರಕ್ತ ಬೆರೆತ ಲೋಳೆ ಹೋಯಿತು, ಕೆಂಪು ಜೆಲ್ಲಿಯ ಹಾಗೆ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಿತ್ತಂತೆ. ಆ ಮಗು ಉಳಿಯಲಿಲ್ಲ. ಬೇಗ ಆಸ್ಪತ್ರೆಗೆ ಕರೆದೊಯ್ದಿದ್ದರೆ ಕೆಳಗಿನಿಂದ ಗಾಳಿ ಅಥವಾ ನೀರಿನ ಒತ್ತಡ ಕೊಟ್ಟೇ ಎಷ್ಟೋ ಸಲ ಬಿಡಿಸಬಹುದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಮಗು ಅತ್ತರೆ ಹೊಟ್ಟೆನೋವು ಎಂದು ಎಲ್ಲರೂ ಹೇಳುತ್ತೇವೆ. ಅಳು ಬಿಟ್ಟುಬಿಟ್ಟು ಬರುತ್ತದೋ ಒಂದೇ ಸಮ ಇರುತ್ತದೋ, ಕಕ್ಕಿದ್ದು ಮೊಸರಿನಂತೆ ಒಡೆದ ಹಾಲೋ ಹಸಿರು ನೀರೋ, ಇದನ್ನು ನೋಡಿ ಹೇಳುವವರು ಎಷ್ಟು ಜನ? ಎಳೆಗೂಸು ಹಸಿರು ವಾಂತಿ ಮಾಡಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಕರುಳು ತಿರುಚಿಕೊಂಡಿರಬಹುದು. ಇದನ್ನು ಯಾವ ಬಾಣಂತನದ ಮನೆಯಲ್ಲೂ ಯಾರೂ ನನಗೆ ಹೇಳಿಕೊಡಲಿಲ್ಲ.

ಜನವರಿ 29, ಸೋಮವಾರ

ಇವತ್ತಿನದನ್ನು ಬಿಡಿಸಿ ಬರೆಯಬೇಕು.

ಹಗಲು ಹಳೆಯ ಹತ್ತಿ ಸೀರೆಯ ತುಂಡು, ರಾತ್ರಿ ಅಂಗಡಿಯ ಡೈಪರ್. ಕತ್ತಲಲ್ಲಿ ಬಿಚ್ಚಿ ಸುತ್ತಿ ಎಸೆಯುವುದೇ ಆಗಿತ್ತು. ಇವತ್ತು ಮಧ್ಯಾಹ್ನ ಬಟ್ಟೆ ಒಗೆಯಲು ಹಿತ್ತಿಲಿಗೆ ತಂದಾಗ ಬಿಸಿಲು ನೇರವಾಗಿ ಬಿತ್ತು. ಮಲ ಕೆನೆಬಣ್ಣ. ಹಳದಿಯಲ್ಲ, ಹಸಿರಲ್ಲ, ನೆನೆದ ಸುಣ್ಣಕ್ಕೆ ಚೂರು ಮಣ್ಣು ಬೆರೆಸಿದ ಹಾಗೆ. ಪಕ್ಕದಲ್ಲೇ ಉಚ್ಚೆಯ ಬಟ್ಟೆ, ಅದರ ತುಂಬ ಹಳದಿ ಕಲೆ. ಎಳೆಗೂಸಿನ ಉಚ್ಚೆ ನೀರಿನಂತಿರಬೇಕು, ಬಟ್ಟೆಗೆ ಕಲೆ ಹಿಡಿಯಬಾರದು.

ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಡಯಲ್ ತಪಾಸಣೆಯಲ್ಲಿದ್ದವಳು ನಾನು. ಬಿಳಿ ಡಯಲಿಗೂ ಕೆನೆಬಣ್ಣದ ಡಯಲಿಗೂ ಇರುವ ವ್ಯತ್ಯಾಸ ದೀಪದ ಕೆಳಗೆ ಒಂದು ಕ್ಷಣಕ್ಕೆ ಹೇಳುತ್ತಿದ್ದೆ. ಅದೇ ಕಣ್ಣು ಇಷ್ಟು ದಿನ ಮಗುವಿನ ಮುಖದ ಹಳದಿಯನ್ನೇ ನೋಡಿತು, ಬಟ್ಟೆಯನ್ನು ನೋಡಲಿಲ್ಲ. ಹಾಲು ಕುಡಿಯುವ ಕೂಸಿನದು ತೆಳುಬಣ್ಣವೇ ಇರುತ್ತದೆ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಮೊದಲ ದಿನದ್ದು ಕಾಡಿಗೆಯಂಥ ಕಪ್ಪು ಮಲ, ಆಮೇಲಿನದು ಹಸಿರು ಹಳದಿ. ಅದು ಎಂದಿನಿಂದ ಬಿಳಿಚಿತು? ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

"ಅಮ್ಮಾ, ಏನಾಯ್ತು?" ಎಂದಳು ಮಗಳು. ಬಟ್ಟೆ ಹಿಡಿದು ತೋರಿಸಿದೆ. ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ.

ಜನವರಿ 30, ಮಂಗಳವಾರ

ಗಂಗಮ್ಮನ ಗುಡಿ ಸರ್ಕಲ್‌ನಿಂದ ಆಟೋ ಹಿಡಿದು ಬೇರೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಹೆಣ್ಣುಮಗಳು. ಚೀಲ ಬಿಚ್ಚಿದ ಕೂಡಲೇ ಕನ್ನಡಕ ಏರಿಸಿ ಕಿಟಕಿಯ ಬಳಿ ಹಿಡಿದು ನೋಡಿದರು. "ಇದನ್ನು ತಂದಿರಲ್ಲ, ಒಳ್ಳೆಯದಾಯ್ತಮ್ಮ" ಎಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಕಾಮಾಲೆಯಲ್ಲಿ ಎರಡು ಬಗೆ. ಎದೆಹಾಲಿನ ಕಾಮಾಲೆಯಲ್ಲಿ ಮೈ ಹಳದಿಯಾದರೂ ಮಲ ಹಳದಿಯೇ ಇರುತ್ತದೆ, ಮೂತ್ರ ತಿಳಿಯಾಗಿರುತ್ತದೆ. ಇನ್ನೊಂದು ಬಗೆಯಲ್ಲಿ ಪಿತ್ತ ಯಕೃತ್ತಿನಿಂದ ಕರುಳಿಗೆ ಇಳಿಯುವುದೇ ಇಲ್ಲ. ಮಲಕ್ಕೆ ಬಣ್ಣ ಕೊಡುವುದು ಪಿತ್ತ. ಅದು ಬಾರದಿದ್ದರೆ ಮಲ ಬಿಳಿಚುತ್ತದೆ, ರಕ್ತದಲ್ಲಿ ಉಳಿದದ್ದು ಮೂತ್ರಕ್ಕೆ ಇಳಿದು ಬಟ್ಟೆಗೆ ಕಲೆ ಹಿಡಿಯುತ್ತದೆ. ಈ ಬಗೆ ಬಿಸಿಲಿಗೆ ಹಿಡಿದರೆ ಹೋಗುವಂಥದ್ದಲ್ಲ. ಎರಡು ವಾರ ದಾಟಿಯೂ ಹಳದಿ ಇರುವ ಯಾವ ಮಗುವಿಗಾದರೂ ಬಿಲಿರುಬಿನ್, ಅಂದರೆ ರಕ್ತದಲ್ಲಿರುವ ಆ ಹಳದಿ ಅಂಶ, ಒಟ್ಟು ಎಷ್ಟು, ಅದರಲ್ಲಿ ಈ ಎರಡನೇ ಬಗೆಯಲ್ಲಿ ಏರುವ 'ಡೈರೆಕ್ಟ್' ಎಷ್ಟು ಎಂದು ಬಿಡಿಸಿ ಅಳೆಯಬೇಕಂತೆ. ಒಟ್ಟು ಅಂಕಿಯೊಂದೇ ಸಾಲದು.

ರಕ್ತ ತೆಗೆದ ಜಾಗದಲ್ಲಿ ಹತ್ತಿ ಒತ್ತಿದರೂ ಬಹಳ ಹೊತ್ತು ಜಿನುಗುತ್ತಲೇ ಇತ್ತು. ಪಿತ್ತ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ಅದಕ್ಕೇ ರಕ್ತ ಹೆಪ್ಪುಗಟ್ಟದು ಎಂದು ಅಲ್ಲೇ ಇಂಜೆಕ್ಷನ್ ಕೊಟ್ಟರು. ಸಂಜೆ ರಿಪೋರ್ಟ್: ಒಟ್ಟು 9.2, ಡೈರೆಕ್ಟ್ 6.1. ಡೈರೆಕ್ಟ್ ಒಂದನ್ನು ದಾಟಿದರೇ ಕಾರಣ ಹುಡುಕಬೇಕಂತೆ. ನಾಳೆಯೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದರು.

ಫೆಬ್ರವರಿ 3, ಶನಿವಾರ

ನಿನ್ನೆ ಸ್ಕ್ಯಾನಿಂಗ್. ಪಿತ್ತಕೋಶ ತುಂಬಿ ಕಾಣಬೇಕೆಂದು ನಾಲ್ಕು ಗಂಟೆ ಹಾಲು ಕೊಡುವಂತಿರಲಿಲ್ಲ. ಕೂಸು ಎದೆ ಹುಡುಕಿ ಹುಡುಕಿ ಅತ್ತಿತು, ಮಗಳು ಗೋಡೆ ಕಡೆ ತಿರುಗಿ ನಿಂತಳು. ನಾನು ಕಾರಿಡಾರಿನಲ್ಲಿ ಎತ್ತಿಕೊಂಡು ತಿರುಗಿದೆ. ಪಿತ್ತಕೋಶ ಒಣಗಿದ ದ್ರಾಕ್ಷಿಯಷ್ಟು, ಇದೆಯೋ ಇಲ್ಲವೋ ಎಂಬಂತೆ ಕಂಡಿದೆ.

ರೋಗದ ಹೆಸರು ಬಿಲಿಯರಿ ಅಟ್ರೇಸಿಯಾ ಇರಬಹುದು. ಯಕೃತ್ತಿನಿಂದ ಪಿತ್ತ ತರುವ ನಾಳವೇ ಮುಚ್ಚಿಹೋಗುವುದು. ನಾವು ತಿಂದದ್ದರಿಂದಲೋ ಹಾಲಿನಿಂದಲೋ ಬಂದದ್ದಲ್ಲ ಎಂದು ಡಾಕ್ಟರು ಮಗಳಿಗೆ ಎರಡೆರಡು ಸಲ ಹೇಳಿದರು. ಅವಳು ನಂಬಿದಳೋ ಇಲ್ಲವೋ.

ಆಪರೇಷನ್ನಿನ ಹೆಸರು ಕಸಾಯಿ. ಕೇಳಿ ಎದೆ ಧಸಕ್ ಎಂದಿತು. ಜಪಾನಿನ ಸೆಂದೈ ಊರಿನ ಶಸ್ತ್ರವೈದ್ಯ ಮೋರಿಯೊ ಕಸಾಯಿ ಅವರ ಹೆಸರಂತೆ, 1950ರ ದಶಕದಲ್ಲಿ ಅವರು ಕಂಡುಕೊಂಡ ದಾರಿ. ಅರವತ್ತು ದಿನದೊಳಗೆ ಮಾಡಿದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಗಡುಸಾಗುತ್ತ ಹೋಗಿ ಕೊನೆಗೆ ಬೇರೆಯವರ ಯಕೃತ್ತನ್ನೇ ಕಸಿ ಮಾಡಬೇಕಾಗುತ್ತದೆ. ಕೂಸಿಗೆ ಇವತ್ತು ಮೂವತ್ತು ದಿನ.

ನಮ್ಮ ಫ್ಯಾಕ್ಟರಿಗೆ 1961ರಲ್ಲಿ ಗಡಿಯಾರದ ಕೆಲಸ ಕಲಿಸಿದ್ದು ಜಪಾನಿನ ಸಿಟಿಜನ್ ಕಂಪನಿಯವರು. ಅದೇ ದೇಶದಲ್ಲಿ 1994ರಿಂದ ಒಂದು ಜಿಲ್ಲೆಯ ಗರ್ಭಿಣಿಯರಿಗೆ ಮಲದ ಬಣ್ಣಗಳನ್ನು ಚೌಕಚೌಕವಾಗಿ ಅಚ್ಚು ಮಾಡಿದ ಕಾರ್ಡು ಕೊಟ್ಟರಂತೆ. ಮಗುವಿನ ಬಟ್ಟೆ ಪಕ್ಕ ಹಿಡಿದು ಯಾವ ಚೌಕಕ್ಕೆ ಹೊಂದುತ್ತದೆ ಎಂದು ತಾಯಿಯೇ ನೋಡುವುದು. ತೈವಾನಿನಲ್ಲಿ 2004ರಿಂದ ಇಡೀ ದೇಶಕ್ಕೆ. ಅಳಿಯ ಫೋನಿನಲ್ಲಿ ತೋರಿಸಿದ. ಡಯಲ್ ತಪಾಸಣೆಗೆ ನಾವು ಮಾದರಿ ಇಟ್ಟುಕೊಂಡು ಹೋಲಿಸುತ್ತಿದ್ದೆವಲ್ಲ, ಅದೇ ಕ್ರಮ. ಒಂದು ರಟ್ಟಿನ ತುಂಡು! ಮಗಳ 'ತಾಯಿ ಕಾರ್ಡ್' ಅನ್ನು ಪುಟಪುಟ ತಿರುವಿದೆ. ತೂಕಕ್ಕೆ, ಲಸಿಕೆಗೆ ಜಾಗವಿದೆ, ಬಣ್ಣದ ಚೌಕಗಳು ನನ್ನ ಕಣ್ಣಿಗೆ ಬೀಳಲಿಲ್ಲ. ಇದ್ದಿದ್ದರೆ ನಾನು ಹದಿಮೂರನೇ ದಿನವೇ ನೋಡುತ್ತಿದ್ದೆ.

ಫೆಬ್ರವರಿ 9, ಶುಕ್ರವಾರ

ಐದು ದಿನ ಔಷಧಿ ಕುಡಿಸಿ ಹೈಡಾ ಸ್ಕ್ಯಾನ್ ಮಾಡಿಸಿದೆವು. ರಕ್ತನಾಳಕ್ಕೆ ಕೊಟ್ಟ ಮದ್ದು ಯಕೃತ್ತಿಗೆ ಬಂತು, ಅಲ್ಲೇ ನಿಂತಿತು. ಇಪ್ಪತ್ತನಾಲ್ಕು ಗಂಟೆಯ ಮೇಲೂ ಕರುಳಿನ ಜಾಗ ಖಾಲಿ. ಹೊಟ್ಟೆ ತೆರೆದು ಪಿತ್ತಕೋಶಕ್ಕೆ ಬಣ್ಣ ಹಾಯಿಸಿ ಎಕ್ಸ್‌ರೇ ತೆಗೆದರೇ ಕೊನೆಯ ಮಾತು. ಬುಧವಾರಕ್ಕೆ ನಿಗದಿಯಾಗಿದೆ.

ಫೆಬ್ರವರಿ 14, ಬುಧವಾರ

ಎಂಟೂವರೆಗೆ ಒಳಗೆ ಕರೆದೊಯ್ದರು. ಹನ್ನೊಂದಕ್ಕೆ ಡಾಕ್ಟರು ಬಾಗಿಲಿಗೆ ಬಂದು, ಬಣ್ಣ ಮುಂದೆ ಹೋಗಲಿಲ್ಲ, ನಾಳ ಮುಚ್ಚಿದೆ, ಮುಂದುವರಿಸುತ್ತೇವೆ ಎಂದರು. ಗಟ್ಟಿಯಾದ ನಾಳ ತೆಗೆದು ಕರುಳಿನ ಒಂದು ತುದಿಯನ್ನು ಯಕೃತ್ತಿನ ಬುಡಕ್ಕೇ ಹೊಲಿಯುವುದು. ಎರಡೂವರೆಗೆ ಮುಗಿಯಿತು. ನಮ್ಮ ಮನೆಯವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಡ್ಲಿ ತಂದುಕೊಟ್ಟೆ, ಅದನ್ನು ಕೈಯಲ್ಲಿ ಹಿಡಿದೇ ಕೂತಿದ್ದರು.

ಫೆಬ್ರವರಿ 16, ಶುಕ್ರವಾರ

ರಥಸಪ್ತಮಿ. ಬೆಳಿಗ್ಗೆ ಆಸ್ಪತ್ರೆಯ ಮಹಡಿಯ ಕಿಟಕಿಯಿಂದಲೇ ಸೂರ್ಯನಿಗೆ ಕೈಮುಗಿದೆ. ಮೂಗಿನಲ್ಲಿ ನಳಿಗೆ, ಕೂಸಿಗೆ ಇನ್ನೂ ಹಾಲಿಲ್ಲ. ಮಗಳು ಹಾಲು ಹಿಂಡಿ ಹಿಂಡಿ ಇಡುತ್ತಿದ್ದಾಳೆ.

ಫೆಬ್ರವರಿ 24, ಶನಿವಾರ

ಮನೆಗೆ ಬಂದು ಎರಡು ದಿನ. ಮುಚ್ಚಿದ ನಾಳ ತೆಗೆದು ಕರುಳು ಜೋಡಿಸಿದರೂ ಯಕೃತ್ತು ಪೂರ್ತಿ ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗದು, ಕೆಲವು ತಿಂಗಳು ಬಿಲಿರುಬಿನ್ ಇಳಿಯುವುದನ್ನು ನೋಡುತ್ತಿರಬೇಕು ಎಂದಿದ್ದಾರೆ. ಜ್ವರ ಬಂದರೆ, ಮಲ ಮತ್ತೆ ಬಿಳಿಚಿದರೆ, ಹೊತ್ತು ನೋಡದೆ ಕರೆತನ್ನಿ ಎಂದೂ ಹೇಳಿದ್ದಾರೆ.

ಇವತ್ತಿನ ಲೆಕ್ಕ ಬರೆದಿಡುತ್ತೇನೆ.

ಬೆಳಿಗ್ಗೆ 6.10: ಹಳದಿ, ಸ್ವಲ್ಪ ಹಸಿರು ಬೆರೆತದ್ದು.

9.40: ಸಾಸಿವೆ ಅರೆದಂಥ ಹಳದಿ. ಮಗಳನ್ನು ಕೂಗಿ ತೋರಿಸಿದೆ. ಇಬ್ಬರೂ ಅತ್ತೆವು.

ಮಧ್ಯಾಹ್ನ 2.15: ತುಸು ಮಸುಕು. ಹಿತ್ತಿಲಿಗೆ ತಂದು ಬಿಸಿಲಲ್ಲಿ ಇನ್ನೊಮ್ಮೆ ನೋಡಿದೆ. ಹಳದಿಯೇ.

ಸಂಜೆ 5.50: ಹಸಿರು ಹಳದಿ. ಉಚ್ಚೆಯ ಬಟ್ಟೆಯಲ್ಲಿ ಕಲೆ ಕಡಿಮೆ.

ಸೋಮವಾರ ರಕ್ತ ಪರೀಕ್ಷೆ. ಬಟ್ಟೆಯನ್ನೂ ಕಟ್ಟಿಕೊಂಡು ಹೋಗುತ್ತೇನೆ.