ಹಬ್ಬದ ಹಳೆಯ ಚಿತ್ರಗಳು

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಮಾತು ನಮ್ಮಲ್ಲಿದೆ. ಚಲಚ್ಚಿತ್ರಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜ. ಹೋದ ವರ್ಷ ಊರೆಲ್ಲ ಕೊಂಡಾಡಿದ ಚಿತ್ರದ ಹೆಸರನ್ನು ಈ ವರ್ಷ ನೆನಪಿಗೆ ತಂದುಕೊಳ್ಳಲು ಹಣೆ ತಿಕ್ಕಿಕೊಳ್ಳಬೇಕಾಗುತ್ತದೆ. ಆದರೆ ಕ್ರಿಸ್ಮಸ್ ಹಬ್ಬದ ಕಾಲಕ್ಕೆ ಅಮೆರಿಕಾ ಇಂಗ್ಲೆಂಡುಗಳ ಮನೆಗಳಲ್ಲಿ ಪ್ರತಿವರ್ಷವೂ ತಪ್ಪದೆ ನೋಡುವ ಕೆಲವು ಚಿತ್ರಗಳು ಮಾತ್ರ ಈ ಮಾತಿಗೆ ಒಳಪಟ್ಟಿಲ್ಲ. ಅವುಗಳಿಗೆ ಬಣ್ಣವಿಲ್ಲ, ಸುಮಾರು 80 ವರ್ಷಗಳ ವಯಸ್ಸಾಗಿದೆ. ಹೊಸ ಚಿತ್ರಗಳು ತಮ್ಮ ಎಲ್ಲ ವೈಭವದೊಡನೆ ಬಂದು ನಿಂತರೂ ಅವುಗಳ ಪೀಠ ಅಲುಗಿಲ್ಲ. ಇದಕ್ಕೆ ಕಾರಣವೇನಿರಬಹುದು?

ನಮ್ಮ ಮನೆಯಲ್ಲಿ ಕ್ರಿಸ್ಮಸ್ ಹಬ್ಬದ ಆಚರಣೆಯಿಲ್ಲ. ಆದರೂ ಡಿಸೆಂಬರ್ ತಿಂಗಳ ರಜೆಯಲ್ಲಿ ಮಕ್ಕಳು ಇಂತಹ ಒಂದೆರಡು ಚಿತ್ರಗಳನ್ನು ನೋಡುವ ರೂಢಿಯಿದೆ. ಅವರ ಹಿಂದೆ ಕುಳಿತು ನಾನೂ ನೋಡುತ್ತೇನೆ. ಅವರಿಗೆ 1990ರ ‘ಹೋಮ್ ಅಲೋನ್’ ಪ್ರಿಯ. ಮನೆಯವರೆಲ್ಲ ಮರೆತು ಪರದೇಶಕ್ಕೆ ಹೊರಟುಹೋದಾಗ ಒಬ್ಬನೇ ಉಳಿದ ಹುಡುಗ, ನುಗ್ಗಿದ ಕಳ್ಳರನ್ನು ಹಣ್ಣುಗಾಯಿ ಮಾಡುವ ಕಥೆ ಅದು. ಅವರ ನಗೆಯಲ್ಲಿ ನಾನೂ ಪಾಲುಗೊಳ್ಳುತ್ತೇನೆ. ಆದರೆ ನಾನು ವರ್ಷವೆಲ್ಲ ಕಾಯುವುದು 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಚಿತ್ರಕ್ಕಾಗಿ.

ಈ ಚಿತ್ರ ಹುಟ್ಟಿದ ರೀತಿಯೇ ವಿಚಿತ್ರವಾದುದು. ಫಿಲಿಪ್ ವಾನ್ ಡೊರೆನ್ ಸ್ಟರ್ನ್ ಎಂಬ ಲೇಖಕರು ಒಂದು ಸಣ್ಣ ಕಥೆಯನ್ನು ಬರೆದು, ಪ್ರಕಟಿಸುವವರು ಯಾರೂ ದೊರೆಯದೆ, 1943ರ ಕ್ರಿಸ್ಮಸ್ಸಿಗೆ ತಾವೇ 200 ಪ್ರತಿಗಳನ್ನು ಅಚ್ಚು ಹಾಕಿಸಿ ಶುಭಾಶಯ ಪತ್ರದಂತೆ ಹಂಚಿದರು. ಅದು ಚಿತ್ರ ತಯಾರಕರ ಕೈಸೇರಿ, ಕಡೆಗೆ ಫ್ರಾಂಕ್ ಕಾಪ್ರಾ ಎಂಬ ನಿರ್ದೇಶಕರ ಪಾಲಿಗೆ ಬಂದಿತು. ಎರಡನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ಕಾಪ್ರಾ ಸೈನ್ಯಕ್ಕಾಗಿ ಚಿತ್ರಗಳನ್ನು ತಯಾರಿಸಿ ಹಿಂತಿರುಗಿದ್ದರು. ನಾಯಕ ಜೇಮ್ಸ್ ಸ್ಟೂಅರ್ಟ್ ಯುರೋಪಿನ ಮೇಲೆ ಬಾಂಬು ವಿಮಾನಗಳನ್ನು ನಡೆಸಿ ಬಂದಿದ್ದರು. ಚಿತ್ರದಲ್ಲಿ ಕಾಣುವ ಹಿಮವೂ ನಿಜವಾದುದಲ್ಲ. ಬೆಂಕಿ ಆರಿಸುವ ನೊರೆಗೆ ಸಾಬೂನು ನೀರುಗಳನ್ನು ಬೆರೆಸಿ ಸುರಿಸಿದ ಹಿಮ. ಚಿತ್ರ ತೆರೆಕಂಡಾಗ ಹಾಕಿದ ಬಂಡವಾಳವೂ ಹಿಂದಕ್ಕೆ ಬರಲಿಲ್ಲ. ಹಾಲಿವುಡ್ಡಿನ ಅಕಾಡೆಮಿಯ 5 ಪ್ರಶಸ್ತಿಗಳಿಗೆ ಅದರ ಹೆಸರು ಸೂಚಿತವಾದರೂ ಅವುಗಳಲ್ಲಿ ಒಂದೂ ದೊರೆಯಲಿಲ್ಲ.

ಕಥೆ ಒಬ್ಬ ಸಾಮಾನ್ಯ ಗೃಹಸ್ಥನದು. ಜಾರ್ಜ್ ಬೈಲಿಗೆ ಪ್ರಪಂಚವನ್ನೆಲ್ಲ ಸುತ್ತಬೇಕೆಂಬ ಹಂಬಲ. ತಂದೆ ಹಠಾತ್ತಾಗಿ ತೀರಿಕೊಂಡಾಗ, ಬಡವರಿಗೆ ಮನೆ ಕಟ್ಟಿಕೊಳ್ಳಲು ಸಾಲ ಕೊಡುತ್ತಿದ್ದ ಅವರ ಸಣ್ಣ ಸಂಘ ಮುಳುಗಬಾರದೆಂದು ಆತ ಊರಿನಲ್ಲಿಯೇ ನಿಲ್ಲುತ್ತಾನೆ. ಓದಿಗೆಂದು ಕೂಡಿಟ್ಟ ಹಣ ತಮ್ಮನ ಕಾಲೇಜಿಗೆ ಹೋಗುತ್ತದೆ. ಮದುವೆಯ ದಿನ ಪ್ರವಾಸಕ್ಕೆಂದು ಇಟ್ಟಿದ್ದ 2,000 ಡಾಲರು, ಭಯಗೊಂಡು ಠೇವಣಿ ಹಿಂತೆಗೆಯಲು ನುಗ್ಗಿದ ಜನರ ಕೈಸೇರುತ್ತದೆ. ಕೊನೆಗೆ ಒಂದು ಕ್ರಿಸ್ಮಸ್ಸಿನ ಹಿಂದಿನ ದಿನ, ಚಿಕ್ಕಪ್ಪನ ಮರೆವಿನಿಂದ ಸಂಘದ 8,000 ಡಾಲರು ಕಳೆದುಹೋಗುತ್ತದೆ. ಸೆರೆಮನೆಯ ಭೀತಿಯಿಂದ ಆತ ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಕೂಗಾಡುತ್ತಾನೆ; ಹಿಮ ಸುರಿಯುವ ರಾತ್ರಿಯಲ್ಲಿ ಪ್ರಾಣ ಬಿಡಲು ಸೇತುವೆಗೆ ಹೋಗುತ್ತಾನೆ. ಅಲ್ಲಿ ಒಬ್ಬ ಮುದಿ ದೇವದೂತ, ಜಾರ್ಜ್ ಹುಟ್ಟದೆಯೇ ಇದ್ದಿದ್ದರೆ ಆ ಊರು ಹೇಗಿರುತ್ತಿತ್ತೆಂಬುದನ್ನು ತೋರಿಸುತ್ತಾನೆ. ಬಾಲ್ಯದಲ್ಲಿ ಜಾರ್ಜ್ ಹಿಮಗಟ್ಟಿದ ಕೊಳದಿಂದ ಎಳೆದು ಉಳಿಸಿದ್ದ ತಮ್ಮ, ಆ ಊರಿನಲ್ಲಿ ಸಮಾಧಿಯ ಕಲ್ಲಿನ ಮೇಲಿನ ಒಂದು ಹೆಸರು ಮಾತ್ರ.

ಇದನ್ನು ನೋಡುವಾಗ ನನಗೆ ತಿಳಿಯುವ ಸಂಗತಿಯೊಂದಿದೆ. ಮಕ್ಕಳಿಗೆ ಅದು ಇನ್ನೂ ತಿಳಿಯದು, ಈಗಲೇ ತಿಳಿಯಬೇಕಾಗಿಯೂ ಇಲ್ಲ. ನಮ್ಮ ತಂದೆಯವರು ಕಾಲವಾದ ವರ್ಷ ನನಗೆ ದೂರದ ನಗರವೊಂದರಲ್ಲಿ ಕೆಲಸ ಗೊತ್ತಾಗಿತ್ತು. ಮನೆಯಲ್ಲಿ ಓದುವ ತಮ್ಮಂದಿರಿಬ್ಬರು, ಮದುವೆಯ ವಯಸ್ಸಿನ ತಂಗಿ, ತೀರದ ಸಾಲ. ನಾನು ಹೋಗಲಿಲ್ಲ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ವಾಚಕರಲ್ಲಿ ಅನೇಕರು ಇದಕ್ಕಿಂತ ಹೆಚ್ಚಿನದನ್ನು ಬಿಟ್ಟುಕೊಟ್ಟಿರಬಹುದು. ಮನೆವಾರ್ತೆಯ ಜಮಾಖರ್ಚಿನಲ್ಲಿ ಉಪ್ಪು ಮೆಣಸಿನವರೆಗೂ ಲೆಕ್ಕವಿರುತ್ತದೆ. ಬಿಟ್ಟುಕೊಟ್ಟದ್ದಕ್ಕೆ ಮಾತ್ರ ಪುಟವಿಲ್ಲ. ತಮ್ಮಂದಿರ ಏಳಿಗೆಯ ಸುದ್ದಿ ಬಂದ ದಿನ, ಸಂತೋಷದ ಜೊತೆಯಲ್ಲಿಯೇ ಬೇರೊಂದು ಭಾವನೆಯೂ ಮನಸ್ಸಿನ ಮೂಲೆಯಲ್ಲಿ ಸುಳಿಯುವುದುಂಟು. ಅದನ್ನು ಯಾರ ಮುಂದೆಯೂ ಆಡುವಂತಿಲ್ಲ. ಒಳ್ಳೆಯವನಿಗೂ ಒಮ್ಮೊಮ್ಮೆ ತನ್ನ ಒಳ್ಳೆಯತನದ ಮೇಲೆಯೇ ಕೋಪ ಬರುತ್ತದೆಂಬ ಆ ಮಾತನ್ನು ಈ ಹಳೆಯ ಚಿತ್ರ ಮುಚ್ಚುಮರೆಯಿಲ್ಲದೆ ಆಡಿಬಿಡುತ್ತದೆ.

ಆ ಕಾಲದ ಬೇರೆ ಚಿತ್ರಗಳಲ್ಲಿಯೂ ಈ ಗುಣ ಕಾಣುತ್ತದೆ. ಎರ್ನ್ಸ್ಟ್ ಲುಬಿಚ್ ಅವರ 1940ರ ‘ದಿ ಷಾಪ್ ಅರೌಂಡ್ ದಿ ಕಾರ್ನರ್’ ಬುಡಾಪೆಸ್ಟ್ ನಗರದ ಒಂದು ಅಂಗಡಿಯ ಕಥೆ. ಇದರಲ್ಲಿಯೂ ಸ್ಟೂಅರ್ಟರೇ ನಾಯಕರು. ಪ್ರೇಮಿಗಳಿಬ್ಬರ ಜಗಳ ರಾಜಿಗಳು ಮುಖ್ಯ ವಸ್ತುವಾದರೂ, ನನ್ನ ಮನಸ್ಸಿನಲ್ಲಿ ನಿಂತಿರುವವನು ಅಂಗಡಿಯ ಯಜಮಾನ. ಹೆಂಡತಿಯ ದ್ರೋಹದಿಂದ ನೊಂದು ಸಾಯಹೊರಟು ಬದುಕಿ ಉಳಿದ ಆತ, ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಅಂಗಡಿಯ ಮುಂದೆ ನಿಂತು, ತನ್ನೊಡನೆ ಊಟಕ್ಕೆ ಬರುವವರಾರಾದರೂ ಉಂಟೆ ಎಂದು ಆಸೆಯಿಂದ ನೋಡುತ್ತಾನೆ. ಎಲ್ಲರಿಗೂ ಅವರವರ ದಾರಿಯಿದೆ. ಕೊನೆಗೆ, ತಂದೆತಾಯಿಗಳು ಆ ಊರಿನಲ್ಲಿಲ್ಲದ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಸಿಕ್ಕುತ್ತಾನೆ. ತಿನ್ನಬಹುದಾದ ಭಕ್ಷ್ಯಗಳ ಹೆಸರು ಹೇಳುತ್ತ ಯಜಮಾನ ಅವನನ್ನು ಕರೆದುಕೊಂಡು ಹೊರಡುತ್ತಾನೆ.

ಕಾಪ್ರಾ ಅವರ ಚಿತ್ರದ ಜನಪ್ರಿಯತೆಗೆ ಬೇರೊಂದು ಕಾರಣವನ್ನು ಹೇಳುವವರಿದ್ದಾರೆ. 1974ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟುದರಿಂದ ಟೆಲಿವಿಷನ್ ನಿಲಯಗಳು ಬಹುಕಾಲ ಅದನ್ನು ಬೇಕಾದಷ್ಟು ಸಲ ಪ್ರಸಾರ ಮಾಡಿದುವು; ಕಂಡು ಕಂಡು ಜನರಿಗೆ ರೂಢಿಯಾಯಿತು ಎಂಬುದು ಅವರ ವಾದ. ಇದು ಅಲ್ಲಗಳೆಯುವ ಮಾತಲ್ಲ. ಆದರೆ ಪುಕ್ಕಟೆಯಾಗಿ ದೊರೆತ ಹಳೆಯ ಚಿತ್ರ ಅದೊಂದೇ ಅಲ್ಲವಷ್ಟೆ. ಬಿಟ್ಟಿ ಬಂದುದನ್ನೆಲ್ಲ ಜನ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ.

ಹೊಸ ಚಿತ್ರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ‘ಹೋಮ್ ಅಲೋನ್’ನಲ್ಲಿಯೂ ಕಳ್ಳರ ಬೀಳಾಟಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುವ ಸನ್ನಿವೇಶವೊಂದಿದೆ: ಮಗನೊಡನೆ ಮಾತು ಬಿಟ್ಟಿರುವ ನೆರೆಮನೆಯ ವೃದ್ಧ, ಇಗರ್ಜಿಯಲ್ಲಿ ಮೊಮ್ಮಗಳು ಹಾಡುವುದನ್ನು ದೂರದಿಂದ ಕೇಳಲು ಬಂದು, ಆ ಹುಡುಗನ ಪಕ್ಕದಲ್ಲಿ ಕುಳಿತು ಮಾತನಾಡುವುದು. ಅದೇ ಚಿತ್ರದಲ್ಲಿ ಹುಡುಗನ ಮನೆಯವರು ಪ್ಯಾರಿಸಿನಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ನೋಡುವುದು, ಫ್ರೆಂಚ್ ಮಾತಿನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’! ಹೊಸದು ಹಳೆಯದಕ್ಕೆ ಸಲ್ಲಿಸಿದ ನಮಸ್ಕಾರದಂತೆ ಅದು ನನಗೆ ಕಾಣುತ್ತದೆ. ಆದರೆ ಈಚಿನ ಚಿತ್ರಗಳಲ್ಲಿ ಬಹಳ ಸಲ ದುಃಖವನ್ನು ಎಲೆಯ ಕೊನೆಯಲ್ಲಿ ಉಪ್ಪಿನಕಾಯಿಯಂತೆ ಬಡಿಸುತ್ತಾರೆ. ಹಳೆಯವುಗಳಲ್ಲಿ ಅದು ಊಟದ ಭಾಗವೇ ಆಗಿದೆ.

ಜಾರ್ಜ್ ಬೈಲಿಯ ಕಥೆಯ ಕೊನೆಯಲ್ಲಿ ಊರಿನವರೆಲ್ಲ ಕೈಯಲ್ಲಿದ್ದ ಹಣವನ್ನು ತಂದು ಅವನ ಮೇಜಿನ ಮೇಲೆ ಸುರಿಯುತ್ತಾರೆ. ಆ ಸಂಭ್ರಮದಲ್ಲಿ ಎರಡು ಸಂಗತಿಗಳನ್ನು ಮರೆಯುವುದು ಸುಲಭ. ಕಳೆದ ಹಣವನ್ನು ಬಚ್ಚಿಟ್ಟುಕೊಂಡ ಸಾಹುಕಾರ ಪಾಟರನಿಗೆ ಯಾವ ಶಿಕ್ಷೆಯೂ ಆಗುವುದಿಲ್ಲ. ಜಾರ್ಜನ ಪ್ರವಾಸವೂ ನಡೆಯುವುದಿಲ್ಲ. ಅವನು ಬಿಟ್ಟುಕೊಟ್ಟದ್ದೊಂದೂ ಹಿಂದಕ್ಕೆ ಬರುವುದಿಲ್ಲ. ಅದರಿಂದ ಏನಾಯಿತೆಂಬುದನ್ನು ಮಾತ್ರ ಅವನು ಕಣ್ಣಾರೆ ಕಂಡಿದ್ದಾನೆ. ಸಂಸಾರಸ್ಥರಾದ ನಮ್ಮಲ್ಲಿ ಬಹುಮಂದಿಗೆ ಅಂತಹ ನೋಟ ದೊರೆಯುವುದಿಲ್ಲ. ವರ್ಷಕ್ಕೊಮ್ಮೆ ಮತ್ತೊಬ್ಬನ ಕಥೆಯಲ್ಲಾದರೂ ಅದನ್ನು ಕಾಣಬಹುದಾದುದರಿಂದಲೇ ಈ ಚಿತ್ರ ಹಳತಾಗಿಲ್ಲವೆಂದು ನಾನು ನಂಬಿದ್ದೇನೆ.