ವರಮಾನದ ಗೆರೆ

ನಮ್ಮಂತಹ ಅನುದಾನಿತ ಶಾಲೆಗಳ ಬಡಮಕ್ಕಳಿಗೆ, ಕೇಂದ್ರ ಸರ್ಕಾರವು 2008ರಲ್ಲಿ ಆರಂಭಿಸಿದ ರಾಷ್ಟ್ರೀಯ ಆದಾಯ ಹಾಗೂ ಪ್ರತಿಭಾಧಾರಿತ ವಿದ್ಯಾರ್ಥಿವೇತನವು ಬಹು ದೊಡ್ಡ ಆಸರೆ. ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಆಯ್ಕೆಗೊಂಡವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರುಷಕ್ಕೆ 12,000 ರೂಪಾಯಿ ದೊರೆಯುತ್ತದೆ. ತಂದೆತಾಯಿಗಳ ವಾರ್ಷಿಕ ವರಮಾನವು 3,50,000 ರೂಪಾಯಿಗಳನ್ನು ಮೀರಕೂಡದು.

ಮಿತಿಯ ಔಚಿತ್ಯವನ್ನು ನಾನು ಅಲ್ಲಗಳೆಯೆನು. ಆದರೆ ಅದು ಬರುವ ಹಣವನ್ನು ಎಣಿಸುತ್ತದೆಯೇ ಹೊರತು ಉಣ್ಣುವ ಬಾಯಿಗಳನ್ನಲ್ಲ. ಒಬ್ಬನೇ ಮಗನಿರುವ ಮನೆಗೂ, ನಾಲ್ವರು ಮಕ್ಕಳು, ಹಾಸಿಗೆ ಹಿಡಿದ ಅಜ್ಜಿ, ವಿಧವೆಯಾದ ಸೋದರತ್ತೆ ಇರುವ ಮನೆಗೂ ಅದೇ ಗೆರೆ. ಸಂಬಳದ ಜವಾನನ ಆದಾಯವು ಪೈಸೆ ಬಿಡದೆ ಕಾಣುತ್ತದೆ. ಅಂಗಡಿಕಾರನದು ಅವನು ಹೇಳಿದಷ್ಟೇ. (ವರ್ತಕ ದಾನಿಗಳು ಮನ್ನಿಸಬೇಕು.) ಬೇಸಾಯಗಾರನ ಪಾಡು ಮತ್ತೂ ಬೇರೆ. ನಾಡಕಚೇರಿಯ ವರಮಾನಪತ್ರವು ಐದು ವರುಷ ಬಾಳುತ್ತದೆ. ಮಳೆಗೆ ಆ ಬಾಳಿಕೆಯಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹಿಂದಿನ ವರುಷ ಬರೆದ ಅಂಕೆ ಪತ್ರದಲ್ಲಿ ಹಾಗೆಯೇ ಇದ್ದಿತು.

ಗೆರೆಯಾಚೆ ಉಳಿದ ಇಂತಹ ಮಕ್ಕಳನ್ನು ತರಗತಿಯ ಉಪಾಧ್ಯಾಯರು ಬಲ್ಲರು. ಶ್ರೀಮಠದ ವಿದ್ಯಾನಿಧಿಯು ಅವರ ಮಾತನ್ನೇ ಪ್ರಮಾಣವೆಂದು ಸ್ವೀಕರಿಸಲಿ, ಮತ್ತೊಂದು ವರಮಾನಪತ್ರವನ್ನು ಕೇಳದಿರಲಿ ಎಂಬುದು ದಾನಿಗಳಲ್ಲಿಯೂ ಆಡಳಿತ ಮಂಡಳಿಯಲ್ಲಿಯೂ ನನ್ನ ಬಿನ್ನಹ.